ಬೆಚ್ಚನೆಯ ಮಣ್ಣು

ಜಾಲಿಹಟ್ಟಿಯಲ್ಲಿ ಒಗೆದ ಬಟ್ಟೆಯನ್ನು ಯಾರೂ ಹೊರಗೆ ಒಣಹಾಕುತ್ತಿರಲಿಲ್ಲ. ಹಾಕಿದರೆ ಒಣಗುವಷ್ಟರಲ್ಲಿ ಬಿಳಿ ಧೋತರ ಬೂದುಬಣ್ಣಕ್ಕೆ ತಿರುಗಿರುತ್ತಿತ್ತು. ಊರಿನ ಪಡುವಣಕ್ಕೆ ಕಲ್ಲಿದ್ದಲು ಸುಟ್ಟು ಕರೆಂಟು ಮಾಡುವ ಸ್ಥಾವರ, ಅದರ ಬೆನ್ನಿಗೆ ಬೂದಿಕೆರೆ. ಕೆರೆ ಎನ್ನುವುದು ಸರಕಾರಿ ಕಾಗದದ ಮಾತು. ಮಳೆಗಾಲದಲ್ಲಿ ಅದು ರಾಡಿ, ಬೇಸಿಗೆಯಲ್ಲಿ ಗಾಳಿಗೆ ಎದ್ದು ಬರುವ ಬೂದಿಗುಡ್ಡ. ಗಾಳಿ ಬೀಸಿದ ದಿನ ರೊಟ್ಟಿಯ ಮೇಲೆ, ಹಾಲಿನ ಕೆನೆಯ ಮೇಲೆ, ಮಲಗಿದ ಕೂಸಿನ ರೆಪ್ಪೆಯ ಮೇಲೆ ಬೂದಿ. ಕೆಮ್ಮನ್ನು ಕಾಯಿಲೆ ಎಂದು ಲೆಕ್ಕಕ್ಕೆ ಹಿಡಿಯುವುದನ್ನೇ ಊರ ಮಂದಿ ಬಿಟ್ಟಿದ್ದರು.

ಈ ಬೂದಿಯನ್ನು ತಿಂದು ಮಣ್ಣು ಮಾಡುವ ಹುಳವೊಂದು ಸಿಕ್ಕರೆ? ಈ ಪ್ರಶ್ನೆ ಕಸ್ತೂರಿಯದು. ಎರೆಹುಳಗಳ ಬಗ್ಗೆ ಓದಿ ಡಾಕ್ಟರೇಟ್ ಪಡೆದು, ಜಾಲಿಹಟ್ಟಿಯ ಹಳೇಮನಿ ಮನೆತನದ ದೊಡ್ಡ ವಾಡೆಗೆ ಸೊಸೆಯಾಗಿ ಬಂದು, ಬೂದಿಕೆರೆಯ ದಂಡೆಯ ಮೇಲಿನ ಸಂಶೋಧನಾ ಕೇಂದ್ರದಲ್ಲಿ ಕೆಲಸಕ್ಕಿದ್ದಳು. ಗಂಡ ಚನಮಲ್ಲಪ್ಪ ಊರಲ್ಲೇ ಹಿಟ್ಟಿನ ಗಿರಣಿ ನಡೆಸುತ್ತಿದ್ದ. ಅವರಿಗೆ ಒಬ್ಬಳು ಪುಟ್ಟ ಮಗಳು. ಅತ್ತೆ ಸಂಗವ್ವನಿಗೆ ಸೊಸೆಯ ನೌಕರಿ ಎಂದರೆ ಒಂದು ತಮಾಷೆ.

"ನಮ್ಮ ಕಸ್ತೂರಿ ಭಾಳ ಓದ್ಯಾಳ್ರೆವ್ವಾ. ದಿನಾ ಮುಂಜಾನೆ ಹೋಗಿ ಹುಳಾ ಎಣಸಿ ಬರ್ತಾಳ," ಎಂದು ಓಣಿಯ ಹೆಂಗಸರೆದುರು ಹೇಳುತ್ತಿದ್ದಳು. ಹೇಳುವಾಗ ಹೆಮ್ಮೆಯನ್ನು ಮುಚ್ಚಿಕೊಳ್ಳಲು ಬಾಯಿಗೆ ಸೆರಗು ಹಿಡಿಯುತ್ತಿದ್ದಳು.

ಹುಳ ಸಿಕ್ಕಿತು. ಅಟ್ಲಾಂಟಿಕ್ ಸಾಗರದ ನಡುವಿನ ಒಂದು ದ್ವೀಪದಲ್ಲಿ ಜ್ವಾಲಾಮುಖಿಯ ಬಾಯಿಯೊಳಗೇ ಒಂದು ಊರಿದೆ. ಬೆಂಕಿ ಎಂದೋ ತಣಿದಿದೆ, ಆದರೆ ನೆಲ ಇನ್ನೂ ಉಸಿರಾಡುತ್ತಿದೆ. ಮಣ್ಣು ಜ್ವರ ಬಂದ ಮೈಯಷ್ಟು ಬಿಸಿ. ಅದರ ಸಂದುಸಂದಿನಲ್ಲಿ ಇಂಗಾಲದ ಡೈಆಕ್ಸೈಡ್ ತುಂಬಿ ಆಮ್ಲಜನಕಕ್ಕೆ ಜಾಗವೇ ಇಲ್ಲ. ಮೇಲೆ ಸೀಸ, ಸತು, ತಾಮ್ರದ ವಿಷ. ಅಂಥ ಮಣ್ಣಿನಲ್ಲಿ ಎರೆಹುಳಗಳು ಸುಖವಾಗಿ ಸಂಸಾರ ಮಾಡಿಕೊಂಡಿದ್ದವು. ಎರೆಹುಳಕ್ಕೆ ಮೂಗಿಲ್ಲ, ಅದು ಉಸಿರಾಡುವುದು ಚರ್ಮದಿಂದ. ಸಿಗುವ ಚೂರುಪಾರು ಆಮ್ಲಜನಕವನ್ನು ಬೇಗ ಒಳಗೆ ಎಳೆದುಕೊಳ್ಳಲೆಂದು ಆ ಹುಳಗಳ ಚರ್ಮ ಈರುಳ್ಳಿಯ ಒಳಪದರದಷ್ಟು ತೆಳುವಾಗಿತ್ತು. ಲೋಹದ ವಿಷವನ್ನು ಅವು ಕರುಳಿನ ಸುತ್ತಲಿನ ಕೋಶಗಳಲ್ಲಿ ಕಟ್ಟಿಹಾಕಿ ತಮ್ಮ ಪಾಡಿಗೆ ಬದುಕುತ್ತಿದ್ದವು. ಜ್ವಾಲಾಮುಖಿಯ ಬೂದಿಯನ್ನು ತಿನ್ನುವ ಹುಳಕ್ಕೆ ಕಲ್ಲಿದ್ದಲಿನ ಬೂದಿ ಯಾವ ಲೆಕ್ಕ ಎಂದು ಕಸ್ತೂರಿ ವಾದಿಸಿದಳು. ವರ್ಷಗಟ್ಟಲೆ ಕಾಗದ ಓಡಾಡಿ, ಕೊನೆಗೆ ಮರದ ಪೆಟ್ಟಿಗೆಗಳಲ್ಲಿ ಹುಳಗಳು ವಿಮಾನದಲ್ಲಿ ಬಂದಿಳಿದವು.

ಬಂದದ್ದೇ ಸಾಯತೊಡಗಿದವು.

ಕೇಂದ್ರದ ನಿರ್ದೇಶಕ ಶೇಷಾದ್ರಿ ಮೈಸೂರಿನ ಕಡೆಯವರು, ಮೃದು ಮನುಷ್ಯ. ಹುಳಗಳಿಗಾಗಿ ತಮ್ಮ ಕೋಣೆಯ ಎ.ಸಿ.ಯನ್ನೇ ಬಿಚ್ಚಿಸಿ ಪ್ರಯೋಗಾಲಯಕ್ಕೆ ಹಾಕಿಸಿಕೊಟ್ಟಿದ್ದರು. ತಂಪು ಗಾಳಿ, ಹದವಾದ ತೇವ, ಸೋಸಿದ ಸಗಣಿಗೊಬ್ಬರ. ಮುಂಜಾನೆ ಬಂದು ನೋಡಿದರೆ ತೊಟ್ಟಿಯ ತುಂಬ ಬೆಳ್ಳಗೆ ಸೊರಗಿದ ಹೆಣಗಳು.

"ಮನೆ ಅಳಿಯನ ಹಾಗೆ ನೋಡ್ಕೋತಿದೀವಲ್ಲಮ್ಮ, ಏನು ಕಡಿಮೆ ಆಯ್ತು ಇವಕ್ಕೆ?" ಎಂದು ಅವರು ಪೇಚಾಡಿಕೊಂಡರು. ಕಸ್ತೂರಿಗೂ ತಿಳಿಯಲಿಲ್ಲ. ಪೆಟ್ಟಿಗೆಗಳು ಒಂದೊಂದಾಗಿ ಖಾಲಿಯಾದವು. ಇನ್ನೊಮ್ಮೆ ತರಿಸಲು ಸರಕಾರ ಒಪ್ಪುವ ಮಾತೇ ಇರಲಿಲ್ಲ.

ಆ ವಾರ ವಾಡೆಯಲ್ಲಿ ಹಗೇವು ತೆಗೆಯುವ ಕೆಲಸ ನಡೆದಿತ್ತು. ನೆಲದೊಳಗೆ ತೋಡಿದ ಕಣಜಕ್ಕೆ ಆ ಕಡೆ ಹಗೇವು ಎನ್ನುತ್ತಾರೆ. ಬಾಯಿ ಒಬ್ಬ ಮನುಷ್ಯ ಇಳಿಯುವಷ್ಟು ಕಿರಿದು, ಒಳಗೆ ಹೊಟ್ಟೆ ಅಗಲ. ಸುತ್ತ ಹುಲ್ಲು ಕಟ್ಟಿ, ಜೋಳ ತುಂಬಿ, ಮೇಲೆ ಚಪ್ಪಡಿ ಎಳೆದು ಮಣ್ಣು ಮೆತ್ತಿಬಿಟ್ಟರೆ ವರ್ಷಾನುಗಟ್ಟಲೆ ಕಾಳಿಗೆ ಕೇಡಿಲ್ಲ. ಕಾಳೂ ಉಸಿರಾಡುತ್ತದೆ. ಒಳಗಿರುವ ಒಳ್ಳೆಯ ಗಾಳಿಯನ್ನು ಅದೇ ತಿಂದು ಮುಗಿಸಿ ಕೆಟ್ಟ ಗಾಳಿಯನ್ನು ಬಿಡುತ್ತದೆ, ಆ ಗಾಳಿಯಲ್ಲಿ ನುಸಿ ಬದುಕಲಾರದು. ಮನುಷ್ಯನೂ ಬದುಕಲಾರ. ಅದಕ್ಕೇ ಹಗೇವು ತೆರೆದ ಕೂಡಲೇ ಯಾರೂ ಇಳಿಯುವುದಿಲ್ಲ. ಹಗ್ಗಕ್ಕೆ ಕಂದೀಲು ಕಟ್ಟಿ ಮೊದಲು ಇಳಿಬಿಡುತ್ತಾರೆ.

ಕಂದೀಲು ಹಗೇವಿನ ಕುತ್ತಿಗೆಯವರೆಗೆ ಇಳಿಯುವಷ್ಟರಲ್ಲಿ ಪಕ್ಕನೆ ಆರಿತು.

"ದೂರ ಸರೀರಿ ಎಲ್ಲಾರೂ. ಒಂದ ದಿನಾ ಬಾಯಿ ತಕ್ಕೊಂಡ ಬಿದ್ದಿರ್ಲಿ ಅದು," ಎಂದು ಸಂಗವ್ವ ಆಳುಗಳನ್ನು ಗದರಿದಳು.

ಚಹದ ಲೋಟ ಹಿಡಿದು ನಿಂತಿದ್ದ ಕಸ್ತೂರಿ ಕುಡಿಯುವುದನ್ನೇ ಮರೆತಳು. ಗಾಳಿಯಿಲ್ಲದೆ ಹುಟ್ಟಿ ಬೆಳೆದ ಹುಳಗಳಿಗೆ ತಾವು ಗಾಳಿ ಬೀಸುತ್ತಿದ್ದೇವೆ. ಉಪಚಾರ ಮಾಡಿ ಮಾಡಿಯೇ ಕೊಲ್ಲುತ್ತಿದ್ದೇವೆ. ತೆಳು ಚರ್ಮದೊಳಗೆ ಬೇಡವೆಂದರೂ ನುಗ್ಗುವ ಆಮ್ಲಜನಕ ಅವುಗಳನ್ನು ಒಳಗಿನಿಂದ ಸುಡುತ್ತಿರಬೇಕು.

"ಅತ್ತಿ, ಆ ಇನ್ನೊಂದ ಹಗೇವು ಖಾಲಿ ಐತೆಲ್ರಿ? ಅದನ್ನ ನನ್ನ ಹುಳಾಕ್ಕ ಕೊಡ್ತೀರೇನು?"

"ಜ್ವಾಳ ಇಡೂ ಜಾಗಾದಾಗ ಹುಳಾ ಇಡ್ತೀಯಾ? ಮಂದಿ ನಕ್ಕಾರು." ಸಂಗವ್ವ ಬೈದಳು, ಗೊಣಗಿದಳು, ಸಂಜೆಗೆ ತಾನೇ ಸೊಂಟಕ್ಕೆ ಸೆರಗು ಸಿಕ್ಕಿಸಿ ನಿಂತಳು. ಹುಲ್ಲು ಎಷ್ಟು ದಪ್ಪ ಕಟ್ಟಬೇಕು, ಕೆಟ್ಟ ಜೋಳವನ್ನು ಎಷ್ಟು ನೆನೆಸಿ ಬೂದಿಯ ಜೊತೆ ಬೆರೆಸಿದರೆ ಒಳಗೆ ಬೇಗ ಕಾವು ಏರುತ್ತದೆ, ಎಲ್ಲ ಅವಳೇ ಹೇಳಿದಳು. ಉಳಿದಿದ್ದ ಎರಡು ಪೆಟ್ಟಿಗೆ ಹುಳಗಳನ್ನು ಸುರಿದು ಅತ್ತೆ ಸೊಸೆ ಸೇರಿ ಚಪ್ಪಡಿಯ ಸಂದಿಗೆ ಮಣ್ಣು ಮೆತ್ತಿದರು.

ಮಳೆಗಾಲ ಮುಗಿದ ಮೇಲೆ ಚಪ್ಪಡಿ ಸರಿಸಿ, ಹಗ್ಗಕ್ಕೆ ಬುಟ್ಟಿ ಕಟ್ಟಿ ಎತ್ತಿ ನೋಡಿದರೆ ಬೂದಿ ಇರಲಿಲ್ಲ. ಸಾಸಿವೆಯಂಥ ಕಾಳುಕಾಳು ಮಣ್ಣು, ಮುಟ್ಟಿದರೆ ಬೆಚ್ಚಗೆ, ಮುಷ್ಟಿಯಲ್ಲಿ ಹಿಡಿದರೆ ಮಣ್ಣಿಗಿಂತ ಹುಳವೇ ಹೆಚ್ಚು. ಕಸ್ತೂರಿಗೆ ಅಳು ಬಂತು. ಸಂಗವ್ವ ಕೆಂಪನೆಯ ಒಂದು ಹುಳವನ್ನು ಅಂಗೈಯಲ್ಲಿಟ್ಟು ನೋಡಿ, "ನನ್ನ ಸೊಸೀ ಮಕ್ಕಳು," ಎಂದು ನಕ್ಕಳು.

ಆಮೇಲೆ ನಡೆದದ್ದನ್ನು ಪತ್ರಿಕೆಗಳೆಲ್ಲ ಬರೆದವು. ಬೂದಿಕೆರೆಗೆ ಹುಳ ಬಿಟ್ಟ ಮರುವರ್ಷ ಅಲ್ಲಿ ಹುಲ್ಲು ಬಂತು, ಅದರ ಮರುವರ್ಷ ಎಕ್ಕೆ, ತಂಗಡಿ. ಬೂದಿ ಏಳುವುದು ನಿಂತಿತು. ಹೆಂಗಸರು ಧೋತರಗಳನ್ನು ಅಂಗಳದಲ್ಲಿ ಒಣಹಾಕಿ ಅವು ಬೆಳ್ಳಗಿರುವುದನ್ನು ನೋಡುತ್ತ ನಿಲ್ಲುತ್ತಿದ್ದರು. ಕಸ್ತೂರಿಯನ್ನು ಊರವರು ಶಾಲೆಯ ಮೈದಾನದಲ್ಲಿ ಕೂರಿಸಿ ಶಾಲು ಹೊದಿಸಿದರು. ಶೇಷಾದ್ರಿ ಭಾಷಣ ಮಾಡುತ್ತ ಕಣ್ಣೊರೆಸಿಕೊಂಡರು.

ಮೊದಲು ಬದಲಾದದ್ದು ಬಾವಿಯ ನೀರು. ಚಳಿಗಾಲದ ಮುಂಜಾನೆ ಸೇದಿದ ಕೊಡದಿಂದ ಹಬೆ ಏಳತೊಡಗಿತು. ಸ್ನಾನಕ್ಕೆ ಒಲೆ ಹಚ್ಚುವ ಕೆಲಸ ತಪ್ಪಿತಲ್ಲ ಎಂದು ಊರು ಹಿಗ್ಗಿತು. ಕೇಂದ್ರದಲ್ಲಿ ಕಸ್ತೂರಿ ಹಿಗ್ಗಲಿಲ್ಲ. ಸೂಕ್ಷ್ಮದರ್ಶಕದ ಮುಂದೆ ಕೂತು ಹುಳಗಳ ಕರುಳನ್ನು ಸೀಳಿ ನೋಡುತ್ತ ಹೋದಳು. ದ್ವೀಪದಿಂದ ಬಂದ ಹುಳದ ಕರುಳಿನಲ್ಲಿ ಅಲ್ಲೊಂದು ಇಲ್ಲೊಂದು ಇದ್ದ ಒಂದು ಬಗೆಯ ಸೂಕ್ಷ್ಮಾಣು, ಹಗೇವಿನಲ್ಲಿ ಹುಟ್ಟಿದ ಹುಳಗಳಲ್ಲಿ ಕಿಕ್ಕಿರಿದು ತುಂಬಿತ್ತು. ಮಣ್ಣಿನ ಕಸಕಡ್ಡಿಯನ್ನು ಅದು ಅವಸರದಿಂದ ಕೊಳೆಸುತ್ತಿತ್ತು, ಕಾವು ಬಿಡುತ್ತಿತ್ತು, ಇಂಗಾಲದ ಗಾಳಿ ಬಿಡುತ್ತಿತ್ತು.

"ಅಲ್ಲಿ ಬಿಸಿ, ಕೆಟ್ಟ ಗಾಳಿ ಎರಡನ್ನೂ ಜ್ವಾಲಾಮುಖಿ ಕೊಡ್ತಿತ್ತು ಸರ್," ಎಂದು ಅವಳು ಶೇಷಾದ್ರಿಯವರಿಗೆ ವಿವರಿಸಿದಳು. "ಇಲ್ಲಿ ಕೊಡೋರು ಯಾರೂ ಇಲ್ಲ. ಹಗೇವಿನ ಜೋಳ ಮುಗಿದ ಮೇಲೆ ಯಾವ ಹುಳ ತನ್ನ ಕಾವು ತಾನೇ ಮಾಡ್ಕೊಳ್ತೋ ಅದು ಉಳೀತು, ಉಳಿದವು ಸತ್ತವು. ನಾವು ಕೆರೆಗೆ ಬಿಟ್ಟದ್ದು ಉಳಿದವನ್ನ. ಅವು ನಮ್ಮ ಮಣ್ಣಿಗೆ ಹೊಂದಿಕೊಂಡಿಲ್ಲ ಸರ್. ನಮ್ಮ ಮಣ್ಣನ್ನೇ ತಮ್ಮ ಊರು ಮಾಡ್ಕೋತಿದಾವೆ."

ಶೇಷಾದ್ರಿ ಕನ್ನಡಕ ತೆಗೆದು ಒರೆಸಿದರು. "ಕೆರೆ ದಂಡೆ ದಾಟೋದಿಲ್ಲ ಅಲ್ವೇನಮ್ಮ?"

ದಾಟಿಯಾಗಿತ್ತು. ಆ ಸೀಮೆಯ ಕರಿಭೂಮಿ ಬೇಸಿಗೆಯಲ್ಲಿ ಬಿರುಕು ಬಿಡುತ್ತದೆ. ಎತ್ತು ಹೊಡೆಯುವ ಬಾರುಕೋಲು ಬಿದ್ದರೆ ಕಾಣದಂತಾಗುವಷ್ಟು ಆಳದ ಬಿರುಕು, ಒಂದಕ್ಕೊಂದು ಕೂಡಿಕೊಂಡು ಹೊಲದಿಂದ ಹೊಲಕ್ಕೆ ಹೋಗುವ ಬಿರುಕು. ಹುಳಗಳಿಗೆ ಅದು ಹಾಸಿಕೊಟ್ಟ ಹಾದಿ. ಆ ಕರಿಮಣ್ಣೂ ಕೋಟ್ಯಂತರ ವರ್ಷಗಳ ಹಿಂದೆ ಉಕ್ಕಿ ಹರಿದ ಲಾವಾರಸವೇ ಸವೆದು ಆದದ್ದು. ದೂರದ ಜ್ವಾಲಾಮುಖಿಯ ಹುಳಗಳಿಗೆ ಅಜ್ಜನ ಮನೆಗೆ ಬಂದಂತಾಗಿರಬೇಕು.

ವಾಡೆಯ ಅಂಗಳದ ನೆಲವೂ ಬೆಚ್ಚಗಾಯಿತು. ಮೊಣಕಾಲು ನೋವಿನಿಂದ ನರಳುತ್ತಿದ್ದ ಸಂಗವ್ವ ಪಡಸಾಲೆಯ ಹಾಸುಗಲ್ಲಿನ ಮೇಲೆ ಕಾಲು ಚಾಚಿ ಕೂತುಕೊಂಡು ಸುಖಪಟ್ಟಳು. ಎದುರು ಮನೆಯ ದುಂಡವ್ವ, ಅವಳ ಬಾಲ್ಯದ ಗೆಳತಿ, ತಾನೂ ಬಂದು ಪಕ್ಕದಲ್ಲಿ ಕೂತಳು.

"ಡಾಕ್ಟರ ಬರಕೊಟ್ಟ ಎಣ್ಣಿಗಿಂತ ನಿನ್ನ ಹುಳಾನ ಛಲೋ ನೋಡು ಕಸ್ತೂರಿ. ಎಷ್ಟ ಹಿತಾ ಅನಸತೈತಿ," ಎಂದಳು ಸಂಗವ್ವ.

"ಅತ್ತಿ, ನೆಲದ ಮ್ಯಾಲ ಕುಂದರಬ್ಯಾಡ್ರಿ. ಈ ಗಾಳಿ ಭಾರ ಇರತೈತಿ, ಕೆಳಗ ನಿಂದರತೈತಿ."

"ಹಗೇವಿನ ಗಾಳಿ ಗೊತ್ತಿಲ್ಲೇನ ನನಗ? ಇದು ಬಯಲ ಅಲ್ಲೇನವಾ. ಬಯಲದಾಗ ಯಾರ ಸಾಯ್ತಾರ?"

ಆ ಮಾತಿಗೆ ಉತ್ತರವನ್ನು ಕೋಳಿಗಳು ಕೊಟ್ಟವು. ಓಣಿಯಲ್ಲಿ ಬುಟ್ಟಿ ಮುಚ್ಚಿದ ಕೋಳಿಗಳು ಮುಂಜಾನೆ ಬುಟ್ಟಿ ಎತ್ತಿದರೆ ಏಳುತ್ತಿರಲಿಲ್ಲ. ರೋಗ ಬಂದಿದೆ ಎಂದು ಜನ ಸುಮ್ಮನಾದರು. ಆಮೇಲೆ ಹಳ್ಳದ ತಗ್ಗಿನಲ್ಲಿ ತಂಗಿದ್ದ ಕುರುಬರ ಹಟ್ಟಿಯಲ್ಲಿ ಒಂದು ಮುಂಜಾನೆ ಮರಿಗಳೆಲ್ಲ ಮಲಗಿದಲ್ಲೇ ಸತ್ತಿದ್ದವು. ಎತ್ತರದ ಟಗರುಗಳು ಮಾತ್ರ ಕುತ್ತಿಗೆ ಚಾಚಿ ನಿಂತಿದ್ದವು, ತಾಯಿಕುರಿಗಳು ಬಾಯಿ ಮೇಲೆತ್ತಿ ತೇಕುತ್ತಿದ್ದವು. ಗಾಳಿ ಎಷ್ಟು ಎತ್ತರಕ್ಕೆ ನಿಂತಿತ್ತು ಎಂಬುದನ್ನು ಕಸ್ತೂರಿ ಆ ಹೆಣಗಳ ನಡುವೆ ನಿಂತು ತನ್ನ ಮೊಣಕಾಲಿನ ಮೇಲೆ ಕೈಯಿಟ್ಟು ಅಳೆದಳು.

ಊರು ಎಲ್ಲದಕ್ಕೂ ಒಗ್ಗಿಕೊಳ್ಳುತ್ತದೆ. ಮಲಗುವ ಹೊರಸಿನ ಕಾಲುಗಳಿಗೆ ಇಟ್ಟಿಗೆ ಕೊಟ್ಟು ಎತ್ತರಿಸಿದರು. ತೊಟ್ಟಿಲನ್ನು ತೊಲೆಗೆ ಇನ್ನೂ ಮೇಲಕ್ಕೆ ಕಟ್ಟಿ, ತಾಯಂದಿರು ಮಣೆ ಹತ್ತಿ ನಿಂತು ತೂಗಿದರು. ಬಾಗಿಲು ಮುಚ್ಚಿ ಮಲಗುವುದನ್ನು ಬಿಟ್ಟರು, ಕಳ್ಳರಿಗೂ ಈ ಊರಿನ ನೆಲ ಬೇಡವಾಗಿತ್ತು. ನಾಯಿಗಳು ಕಟ್ಟೆ ಬಿಟ್ಟು ಇಳಿಯುತ್ತಿರಲಿಲ್ಲ. ಶಾಲೆಯಲ್ಲಿ ಮಕ್ಕಳನ್ನು ನೆಲದ ಬದಲು ಮೇಜಿನ ಮೇಲೆ ಕೂರಿಸಿ ಪಾಠ ಹೇಳಿದರು. ಸರಕಾರ ಮನೆಗೊಂದು ಪುಟ್ಟ ಯಂತ್ರ ಹಂಚಿತು. ಮೊಣಕಾಲಿನ ಎತ್ತರಕ್ಕೆ ಗೋಡೆಗೆ ಮೊಳೆ ಬಡಿದು ಸಿಕ್ಕಿಸಿದರೆ ಕೆಟ್ಟ ಗಾಳಿ ಹೆಚ್ಚಾದಾಗ ಅದು ಕಿರುಚುತ್ತಿತ್ತು. ಮೊದಮೊದಲು ಅದು ಕಿರುಚಿದಾಗಲೆಲ್ಲ ಜನ ಓಣಿಗೆ ಓಡಿಬಂದರು. ಆಮೇಲೆ ಅದು ಊಟಕ್ಕೆ ಕೂತಾಗ, ಸೀರಿಯಲ್ಲು ನೋಡುವಾಗ, ಎಲ್ಲ ಹೊತ್ತಿನಲ್ಲೂ ಕಿರುಚತೊಡಗಿತು. ಒಬ್ಬೊಬ್ಬರಾಗಿ ಅದರ ಸೆಲ್ಲು ಕಿತ್ತು ರೇಡಿಯೋಕ್ಕೆ ಹಾಕಿಕೊಂಡರು.

ಕೇಂದ್ರದಲ್ಲಿ ಕಸ್ತೂರಿ ಮನೆ ಮಠ ಮರೆತು ದುಡಿದಳು. ಮಗಳನ್ನು ತವರಿಗೆ ಕಳಿಸಿದ್ದಳು. ಸುಣ್ಣ ಹಾಕಿದರೆ ಹುಳ ಆಳಕ್ಕೆ ಇಳಿದವು. ವಿಷ ಹಾಕಿದರೆ ಅದನ್ನೂ ಕರುಳಿನ ಕೋಶದಲ್ಲಿ ಕಟ್ಟಿಹಾಕಿಕೊಂಡವು. ಸತ್ತದ್ದು ಹೊಲದ ಬೆಳೆ. ಕೊನೆಗೆ ಅವಳಿಗೆ ಹೊಳೆದದ್ದು ಮೊದಲ ದಿನಗಳ ಪಾಠ. ಈ ಹುಳಗಳನ್ನು ಕೊಲ್ಲಲು ಒಳ್ಳೆಯ ಗಾಳಿ ಸಾಕು. ನೆಲಕ್ಕೆ ತೂತು ಕೊರೆದು ಪಂಪಿನಿಂದ ಗಾಳಿ ಊದಿದರೆ?

ಊರಿಗೆ ಊರೇ ಕೈಜೋಡಿಸಿತು. ಚನಮಲ್ಲಪ್ಪ ಗಿರಣಿಯ ಮೋಟಾರು ಬಿಚ್ಚಿ ತಂದ. ಬೋರು ಕೊರೆಯುವವರು, ಪಂಕ್ಚರ್ ಅಂಗಡಿಯವರು, ಎಲ್ಲರೂ ತಮ್ಮ ತಮ್ಮ ಯಂತ್ರ ತಂದರು. ಓಣಿಓಣಿಯಲ್ಲಿ ನೆಲಕ್ಕೆ ಕೊಳವೆ ಇಳಿದು, ಹಗಲೆಲ್ಲ ಗಾಳಿ ಊದಿ, ಹುಳಗಳು ಮೇಲೆ ಬಂದು ರಾಶಿರಾಶಿ ಸತ್ತವು. ಮಂದಿ ಸಲಿಕೆಯಿಂದ ಬಾಚಿ ತಿಪ್ಪೆಗೆ ಹಾಕಿದರು. ನೆಲ ತಣ್ಣಗಾಯಿತು. ಸಂಗವ್ವ ಮಾತ್ರ, "ನನ್ನ ಮಣಕಾಲ ಮತ್ತ ಹಿಡಕೊಂಡ್ವು ನೋಡ," ಎಂದು ಮುಖ ಸಣ್ಣದು ಮಾಡಿದಳು. ಎಲ್ಲರೂ ನಕ್ಕರು. ಕಸ್ತೂರಿ ಬಹಳ ದಿನಗಳ ಮೇಲೆ ಹೊಟ್ಟೆ ತುಂಬ ಉಂಡಳು.

ಮುಂದಿನ ಮಳೆಗೆ ನೆಲ ಮತ್ತೆ ಬೆಚ್ಚಗಾಯಿತು. ಕಸ್ತೂರಿ ಒಂದು ಮುಷ್ಟಿ ಹುಳ ತಂದು ಪ್ರಯೋಗಾಲಯದ ತೆರೆದ ತಟ್ಟೆಯಲ್ಲಿಟ್ಟು ಫ್ಯಾನು ಹಾಕಿದಳು. ಮೊದಲಾಗಿದ್ದರೆ ಮಧ್ಯಾಹ್ನದೊಳಗೆ ಬೆಳ್ಳಗಾಗಿ ಸಾಯಬೇಕಿದ್ದವು. ಮರುದಿನ ಬಂದು ನೋಡಿದರೆ ತಟ್ಟೆಯಲ್ಲಿ ಮಣ್ಣನ್ನು ಗುಡ್ಡೆ ಹಾಕಿಕೊಂಡು, ಅದರೊಳಗೆ ಬೆಚ್ಚಗೆ, ಆರಾಮಾಗಿ ಹೊರಳುತ್ತಿದ್ದವು. ಚರ್ಮ ದಪ್ಪಗಾಗಿತ್ತು. ಗಾಳಿ ಊದಿ ಊದಿ, ಗಾಳಿಯನ್ನು ತಾಳುವ ಹುಳವನ್ನು ಅವಳೇ ಆರಿಸಿ ಕೊಟ್ಟಂತಾಗಿತ್ತು. ಈಗ ಅವುಗಳಿಗೆ ಯಾವ ಮಣ್ಣಾದರೂ ಸರಿ.

ಶೇಷಾದ್ರಿ ತಟ್ಟೆಯನ್ನು ನೋಡಿದರು, ಅವಳನ್ನು ನೋಡಿದರು. "ಇನ್ನೇನಾದರೂ ಉಳಿದಿದೆಯೇನಮ್ಮ ಮಾಡೋದಕ್ಕೆ?"

"ಜನರನ್ನ ಇಲ್ಲಿಂದ ಎಬ್ಬಿಸೋದು ಸರ್. ಅದೊಂದೇ."

ಹೊಸ ಜಾಲಿಹಟ್ಟಿ ಎಂದು ಹೆಸರಿಟ್ಟು ಮರಡಿ ಎನ್ನುವ ಕಲ್ಲುಗುಡ್ಡದ ಮೇಲೆ ತಗಡಿನ ಮನೆಗಳನ್ನು ಕಟ್ಟಿದರು. ಅಲ್ಲಿ ಬರೀ ಬಂಡೆ, ಹುಳ ಸದ್ಯಕ್ಕೆ ಬರಲಾರದು. ಮಕ್ಕಳಿದ್ದವರು ಹೋದರು. ಮುದುಕರು ನಾಳೆ, ನಾಡಿದ್ದು ಎಂದರು. ಸಂಗವ್ವ ಅಷ್ಟನ್ನೂ ಹೇಳಲಿಲ್ಲ.

"ಹೊಲದಾಗ ನನ್ನ ಜಾಗಾ ಐತಿ, ನಿಮ್ಮ ಮಾವನ ಸಮಾಧಿ ಬಾಜೂಕ. ಅಲ್ಲಿಗಿ ಹೋಗೂದ ಬಿಟ್ಟ ನಾ ಎಲ್ಲಿಗೂ ಹೋಗೂದಿಲ್ಲ. ಮರಡೀ ಮ್ಯಾಲ ಕುಣಿ ತೋಡಾಕ ಬರತೈತೇನ?"

"ಅತ್ತಿ, ಸಾಯೂ ಮಾತ ಯಾಕ ಆಡ್ತೀರಿ? ನೀವು ಬರೂದಿಲ್ಲಂದ್ರ ನಿಮ್ಮ ಮಗಾನೂ ಬರೂದಿಲ್ಲ. ನಾವೆಲ್ಲಾ ಇಲ್ಲೇ ಸಾಯೂಣೇನು?" ಕಸ್ತೂರಿಯ ದನಿ ಏರಿತು. ಆ ಮನೆಯಲ್ಲಿ ಅವಳು ಅತ್ತೆಗೆ ಎದುರಾಡಿದ್ದು ಅದೇ ಮೊದಲು.

ಸಂಗವ್ವ ಸಿಟ್ಟಾಗಲಿಲ್ಲ. ಸೊಸೆಯ ಕೈ ಹಿಡಿದು ಪಕ್ಕಕ್ಕೆ ಕೂರಿಸಿಕೊಂಡಳು. "ಸಂಕ್ರಮಣ ಮುಗೀಲಿ, ಬರ್ತೀನಿ. ಅಲ್ಲೀತನಾ ನೀ ಹೇಳಿದಾಂಗ ಕೇಳ್ತೀನಿ, ಆತಿಲ್ಲೋ?"

ಕೇಳಿದಳು ಕೂಡ. ಹೊರಸಿನ ಮೇಲೆ ಮಲಗಿದಳು, ಕಟ್ಟೆಯ ಮೇಲೆ ಉಂಡಳು. ಪೂಜೆಯೊಂದಕ್ಕೇ ತಕರಾರು. ಲಿಂಗವನ್ನು ಅಂಗೈಯಲ್ಲಿಟ್ಟು, ಕಣ್ಣು ನೆಟ್ಟು, ಮೈ ಅಲುಗಾಡಿಸದೆ ಅವಳು ಕೂರುತ್ತಿದ್ದದ್ದು ಮದುವೆಯಾಗಿ ಬಂದಂದಿನಿಂದ ದೇವರ ಕೋಣೆಯ ನೆಲದ ಮೇಲೆ. ಮಲಗುವ ಹೊರಸಿನ ಮೇಲೆ ಲಿಂಗಪೂಜೆ ಆದೀತೇ? ಕಸ್ತೂರಿ ಪಡಸಾಲೆಯಲ್ಲಿ ಎದೆಮಟ್ಟದ ಎತ್ತರಕ್ಕೆ ಮೆಟ್ಟಿಲಿರುವ ಕಲ್ಲಿನ ಕಟ್ಟೆ ಕಟ್ಟಿಸಿ, ತೊಳೆದು, ವಿಭೂತಿ ಬಳಿದು ಕೊಟ್ಟಳು. ಸಂಗವ್ವ ಮಗನ ಕೈ ಹಿಡಿದು ಅದನ್ನು ಹತ್ತಿ ಕೂರುವುದನ್ನು ರೂಢಿ ಮಾಡಿಕೊಂಡಳು. ಕಲ್ಲು ಕೊರೆಯುತ್ತದೆ, ಕಾಲು ಮರಗಟ್ಟುತ್ತವೆ ಎಂದು ಗೊಣಗುತ್ತಿದ್ದಳು. ಆ ಕಲ್ಲು ತಣ್ಣಗಿತ್ತು, ಕೆಳಗಿನ ನೆಲ ಬೆಚ್ಚಗಿತ್ತು. ಅದು ಕಸ್ತೂರಿಯ ತಲೆಗೆ ಹೋಗಲಿಲ್ಲ. ಗಾಳಿಯ ಲೆಕ್ಕ ಹಾಕಿದ್ದಳು, ಮೊಣಕಾಲಿನ ಲೆಕ್ಕ ಮರೆತಿದ್ದಳು.

ಸಂಕ್ರಮಣಕ್ಕೆ ಇನ್ನೂ ಸ್ವಲ್ಪ ದಿನವಿತ್ತು. ಮಂಜು ಕವಿದು, ಎಲೆಯೊಂದೂ ಅಲುಗದ ಮುಂಜಾನೆ. ಕಸ್ತೂರಿ ಹೊಸ ಜಾಲಿಹಟ್ಟಿಗೆ ಸಾಮಾನು ಸಾಗಿಸುವ ಟ್ರ್ಯಾಕ್ಟರ್ ಗೊತ್ತು ಮಾಡಲೆಂದು ಕೇಂದ್ರಕ್ಕೆ ಬೇಗ ಹೋಗಿದ್ದಳು. ಚನಮಲ್ಲಪ್ಪ ಗಿರಣಿಗೆ ಹೋಗಿದ್ದ. ಅವನು ಮನೆಗೆ ಮರಳಿ ಫೋನು ಮಾಡಿದಾಗ ಅವಳು ಡ್ರೈವರನ ಜೊತೆ ಮಾತಾಡುತ್ತಿದ್ದಳು.

"ಅವ್ವ ಏಳವಲ್ಲಳ ಕಸ್ತೂರಿ," ಎಂದಷ್ಟೇ ಅಂದ.

ಸಂಗವ್ವ ದೇವರ ಕೋಣೆಯ ನೆಲದ ಮೇಲೆ ಗೋಡೆಗೆ ಒರಗಿ ಕೂತಿದ್ದಳು. ಹಣೆಗೆ ವಿಭೂತಿ. ಎಡ ಅಂಗೈಯಲ್ಲಿ ಲಿಂಗ ಹಾಗೇ ಇತ್ತು. ಗೋಡೆಯ ಯಂತ್ರದಲ್ಲಿ ಸೆಲ್ಲು ಇರಲಿಲ್ಲ. ಪೂಜೆಯ ನಡುವೆ ಕಿರುಚುತ್ತದೆಂದು ಅವಳೇ ತೆಗೆದು ಗೂಡಿನಲ್ಲಿ ಇಟ್ಟಿದ್ದಳು. ಕೂತವರ ಮೂಗಿನ ಮಟ್ಟಕ್ಕೆ ಆ ಗಾಳಿ ಎಂದೂ ಏರಿರಲಿಲ್ಲ. ಅವತ್ತು ಏರಿತ್ತು.

ಓಣಿಯ ಹೆಂಗಸರು ಬಂದು ಕೂತರು. ಯಾರಾದರೂ ಒಬ್ಬರು ತನ್ನ ಮುಖಕ್ಕೆ ಉಗುಳಲಿ, ನಿನ್ನ ಹುಳ ತಂದು ನಮ್ಮ ಸಂಗವ್ವನನ್ನು ತಿಂದೆಯಲ್ಲೇ ಎಂದು ಜುಟ್ಟು ಹಿಡಿಯಲಿ ಎಂದು ಕಸ್ತೂರಿ ಕಾದಳು. ಯಾರೂ ಅನ್ನಲಿಲ್ಲ.

"ಪುಣ್ಯಾತ್ಗಿತ್ತಿ. ಕೈಯಾಗ ಲಿಂಗ ಹಿಡಕೊಂಡ ಹ್ವಾದ್ಲು. ಇಂಥಾ ಸಾವು ಯಾರಿಗಿ ಬರತೈತಿ," ಎಂದಳು ದುಂಡವ್ವ. ಉಳಿದವರು ಹೌದೆಂದರು. ಒಬ್ಬಳು ಕಸ್ತೂರಿಯ ತಲೆ ನೇವರಿಸಿದಳು. ಆ ಕೈ ತಾಗಿದ್ದೇ ಕಸ್ತೂರಿ ಬಿಕ್ಕಿಬಿಕ್ಕಿ ಅತ್ತಳು.

ಲಿಂಗವಂತರಾದ ಅವರಲ್ಲಿ ಸತ್ತವರನ್ನು ಸುಡುವುದಿಲ್ಲ. ಕೂರಿಸಿ, ಕೈಯಲ್ಲಿ ಲಿಂಗವಿಟ್ಟು ಮಣ್ಣು ಮಾಡುತ್ತಾರೆ. ಕುಣಿಯ ಒಳಗೋಡೆಯಲ್ಲಿ ಒಂದು ಗೂಡು ಕೊರೆದು ಅದರೊಳಗೆ ಕೂರಿಸಬೇಕು. ಅದಕ್ಕೆ ಒಬ್ಬರು ಕುಣಿಗೆ ಇಳಿಯಲೇಬೇಕು. ಮಾವನ ಸಮಾಧಿಯ ಪಕ್ಕದಲ್ಲಿ ಅಗೆಯಲು ಹೋದವರು ಎದೆಮಟ್ಟ ಅಗೆಯುವಷ್ಟರಲ್ಲಿ ಒಬ್ಬ ಸಲಿಕೆ ಬಿಟ್ಟು ಕುಸಿದ. ಅವನನ್ನು ಎಳೆದುಹಾಕಲು ಬಗ್ಗಿದವನಿಗೂ ಕಣ್ಣು ಕತ್ತಲೆ ಬಂತು. ಇಬ್ಬರನ್ನೂ ಗಾಳಿಗೆ ಎಳೆದು ಉಳಿಸಿಕೊಂಡ ಮೇಲೆ, ಸೊಂಟಕ್ಕೆ ಹಗ್ಗ ಕಟ್ಟಿಕೊಂಡು, ಮೇಲಿಂದ ಕಂಬಳಿ ಬೀಸುತ್ತ, ಎರಡು ಗುದ್ದಲಿ ಹಾಕಿ ಮೇಲೆ ಬರುವಂತೆ ಸರದಿಯಲ್ಲಿ ಅಗೆದು ಮುಗಿಸಿದರು. ಮುಗಿಸಿ ದೂರ ನಿಂತರು. ಬೀಸುವುದು ನಿಂತದ್ದೇ ಕುಣಿ ಅಂಚಿನವರೆಗೆ ಕೆಟ್ಟ ಗಾಳಿಯಿಂದ ತುಂಬಿಕೊಂಡಿತು.

ಶೇಷಾದ್ರಿ ಚನಮಲ್ಲಪ್ಪನನ್ನು ಪಕ್ಕಕ್ಕೆ ಕರೆದರು. "ತಪ್ಪು ತಿಳ್ಕೋಬೇಡಿ. ಸುಟ್ಟುಬಿಡೋದು ಕ್ಷೇಮ ಅಲ್ವಾ?"

ಚನಮಲ್ಲಪ್ಪ ಅವರ ಮುಖವನ್ನೇ ನೋಡಿದ. ಆಮೇಲೆ ತಿರುಗಿ ಅವ್ವನ ಕಡೆ ನಡೆದ.

ಕಸ್ತೂರಿ ಕೇಂದ್ರದ ಜೀಪಿನಿಂದ ಉಸಿರಾಟದ ಮಾಸ್ಕನ್ನೂ ಬೆನ್ನಿಗೆ ಕಟ್ಟುವ ಸಿಲಿಂಡರನ್ನೂ ತಂದಳು. ಅದನ್ನು ಹಾಕಿಕೊಂಡು ಅಭ್ಯಾಸವಿದ್ದವಳು ಅವಳೊಬ್ಬಳೇ. ಹೆಂಗಸರು ಕುಣಿಗೆ ಇಳಿಯುವ ಪದ್ಧತಿಯಿಲ್ಲ ಎಂದು ಯಾರೋ ಮೆಲ್ಲಗೆ ಅಂದರು. ಕ್ರಿಯೆ ಮಾಡಿಸಲು ಬಂದಿದ್ದ ಮಠದ ಅಯ್ಯನವರು ಕೈ ಎತ್ತಿದರು.

"ಇಳೀಲಿ ಬಿಡ್ರಿ. ಲಿಂಗಕ್ಕ ಹೆಣ್ಣ ಗಂಡ ಎಲ್ಲಿಂದ ಬಂತು."

ಕಸ್ತೂರಿ ಸೆರಗು ಬಿಗಿದು ಏಣಿ ಇಳಿದಳು. ಮಾಸ್ಕಿನೊಳಗೆ ತನ್ನ ಉಸಿರಿನ ಸದ್ದು ಬಿಟ್ಟರೆ ಏನೂ ಕೇಳುತ್ತಿರಲಿಲ್ಲ. ಅಗೆದ ಗೋಡೆಯ ತುಂಬ ಕೆಂಪು ಹುಳಗಳು, ತುಂಡಾದವು, ಇಡಿಯಾದವು, ಮೆಲ್ಲಗೆ ಹೊರಳುತ್ತಿದ್ದವು. ಕೈ ಊರಿದಲ್ಲೆಲ್ಲ ಮಣ್ಣು ಕಾದಿತ್ತು. ಮೇಲಿನಿಂದ ಬಟ್ಟೆಯ ಜೋಲಿಯಲ್ಲಿ ಸಂಗವ್ವನನ್ನು ಇಳಿಬಿಟ್ಟರು. ಕಸ್ತೂರಿ ತೋಳು ಚಾಚಿ ಅಪ್ಪಿಕೊಂಡು ಗೂಡಿನೊಳಗೆ ಕೂರಿಸಿದಳು. ಸೆರಗು ಸರಿಮಾಡಿದಳು. ಅಂಗೈ ಬಿಡಿಸಿ ಲಿಂಗವನ್ನು ಇಟ್ಟು, ಬೆರಳುಗಳನ್ನು ಒಂದೊಂದಾಗಿ ಮಡಿಸಿದಳು. ಅತ್ತೆಯ ಕೈ ಸುತ್ತಲಿನ ಮಣ್ಣಿಗಿಂತ ತಣ್ಣಗಿತ್ತು. ಬರುವ ಸಾವಿರ ವರ್ಷ ಈ ಮಣ್ಣು ತಣಿಯುವುದಿಲ್ಲ ಎಂಬುದು ಅವಳಿಗೆ ಗೊತ್ತಿತ್ತು. ಇಷ್ಟೆಲ್ಲ ಗೊತ್ತಿದ್ದೂ ಒಂದು ಹುಳವನ್ನು ಅಲ್ಲಿಂದ ಕದಲಿಸುವ ಶಕ್ತಿ ತನಗಿಲ್ಲ ಎಂದು ನೆನೆದು ಅವಳಿಗೆ ತನ್ನ ಮೇಲೆಯೇ ಹೇಸಿಗೆಯಾಯಿತು. ಅತ್ತೆಯ ಹೆಗಲ ಮೇಲೆ ಉದುರಿದ ಎರಡು ಹುಳಗಳನ್ನು ಹೆಕ್ಕಿ ತೆಗೆದಳು. ಮತ್ತೆ ಮೂರು ಉದುರಿದವು. ಅವನ್ನೂ ತೆಗೆದಳು. ಮೇಲಿನಿಂದ ಗಂಡ ಹಗ್ಗ ಜಗ್ಗುವವರೆಗೂ ತೆಗೆಯುತ್ತಲೇ ಇದ್ದಳು.

ಎಲ್ಲರೂ ಒಂದೊಂದು ಹಿಡಿ ಮಣ್ಣು ಹಾಕಿದರು. ಅಯ್ಯನವರ ಮಂತ್ರ ಮುಗಿದು ಜನ ಒಬ್ಬೊಬ್ಬರಾಗಿ ಹೊರಟರು. ಕಸ್ತೂರಿ ಬದುವಿನ ಮೇಲೆ ಕೂತು ಮಾಸ್ಕು ಬಿಚ್ಚುತ್ತಿದ್ದಾಗ ದುಂಡವ್ವ ಕೋಲೂರಿಕೊಂಡು ಹತ್ತಿರ ಬಂದಳು. ಹಿಂದೆ ಅವಳ ಗಂಡ, ಅವನ ಹಿಂದೆ ಊರಲ್ಲೇ ಉಳಿದಿದ್ದ ಇನ್ನೂ ಮೂರು ನಾಲ್ಕು ಮಂದಿ ಮುದುಕರು.

"ಆಯೀ, ಇವತ್ತರೆ ಹೊಸ ಊರಿಗಿ ನಡೀರಿ. ಟ್ರ್ಯಾಕ್ಟರ್ ಬಂದೈತಿ. ನಿಮ್ಮ ಕಾಲಿಗಿ ಬೀಳ್ತೀನಿ," ಎಂದಳು ಕಸ್ತೂರಿ.

"ಬರ್ತೀವಿ, ಬರ್ತೀವಿ ತಗೋ." ದುಂಡವ್ವ ಸಿಲಿಂಡರಿನ ಮೇಲೆ ಕೈಯಾಡಿಸಿದಳು. "ಇದರಾಗ ಇನ್ನ ಎಷ್ಟ ಗಾಳಿ ಐತೆವ್ವಾ? ನಮ್ಮನ್ನೂ ಇಳಿಸಿ ಕುಂದರಸೂವಷ್ಟ ಐತಿಲ್ಲೋ?"

ಕಸ್ತೂರಿ ಮುದುಕರ ಮುಖಗಳನ್ನು ನೋಡಿದಳು. ಯಾರ ಮುಖದಲ್ಲೂ ಹೆದರಿಕೆ ಇರಲಿಲ್ಲ. ಉತ್ತರಕ್ಕಾಗಿ ಕಾಯುತ್ತ ನಿಂತಿದ್ದರು. ಅವರನ್ನು ಎಬ್ಬಿಸಿ ಒಯ್ಯುವ ಮಾತು ಅವಳ ಹತ್ತಿರ ಇನ್ನೊಂದೂ ಉಳಿದಿರಲಿಲ್ಲ.

"ಖಾಲಿ ಆಗಾಕ ಬಿಡೂದಿಲ್ರಿ ಆಯೀ," ಎಂದಳು. "ತುಂಬಿಸಿ ಇಟ್ಟಿರ್ತೀನಿ."